ಹೋಗುವ ಬದಿಯ ಕಟ್ಟೆ

ಕೋಲಸಿರ್ಸಿಯಲ್ಲಿ ನಮ್ಮಜ್ಜಿ ಬಸ್ಸಿನ ಮೇಲೆ ಮುನಿಸಿಕೊಂಡು ಮೂರು ವರ್ಷವಾಗಿತ್ತು. ಬಸ್ಸಿನ ಮೊದಲ ಮೆಟ್ಟಿಲು ಅವಳ ಮೊಣಕಾಲಿಗಿಂತ ಎತ್ತರ. ಕೊನೆಯ ಸಲ ಹೊರಟಾಗ ಇಬ್ಬರು ಅವಳನ್ನು ಅನಾಮತ್ತಾಗಿ ಎತ್ತಿ ಒಳಗೆ ಹಾಕಿದ್ದರು. "ಆನು ಎಂತ ಅಡಕೆ ಮೂಟೆಯ?" ಎಂದವಳು ಪೇಟೆಗೆ ಹೋಗುವುದನ್ನೇ ಬಿಟ್ಟಳು. ಆದರೆ ಅವಳ ಬಾಲ್ಯದ ಗೆಳತಿಯ ಮನೆ ಇದ್ದದ್ದು ಸಿದ್ದಾಪುರದ ಬಸ್‌ಸ್ಟ್ಯಾಂಡಿನ ಹಿಂದೆ. ನಾನು ಕಾಲೇಜಿಗೆ ಹೊರಟಾಗಲೆಲ್ಲ "ಅದು ಹೆಂಗಿದ್ದು ನೋಡ್ಕ್ಯ ಬಾ" ಎಂದು ಗೆಳತಿಯನ್ನು ನೆನೆಯುವಳು. ಕೇಳಿ ಕೇಳಿ ನನಗೇ ಸಂಕಟವಾಗುತ್ತಿತ್ತು.

ಒಂದು ಭಾನುವಾರ ಊರಿನ ಏಳೆಂಟು ಜನ ಸೇರಿ ಬಸ್ಸು ನಿಲ್ಲುವಲ್ಲಿ, ಹಿಂಬದಿಗೆ ಸಣ್ಣ ಸಣ್ಣ ಮೆಟ್ಟಿಲಿಟ್ಟು, ಚಿರೇಕಲ್ಲಿನ ಕಟ್ಟೆ ಕಟ್ಟಿದೆವು. ಮೇಸ್ತ್ರಿಕೆ ನನ್ನದು. ಅಡಿಕೆ ಸಸಿಯ ಗುಂಡಿ ಅಳೆಯುವ ಕೋಲಿನಲ್ಲಿ ಬಸ್ಸಿನ ಮೆಟ್ಟಿಲನ್ನು ಮೊದಲೇ ಅಳೆದಿಟ್ಟುಕೊಂಡಿದ್ದೆ. ನನ್ನ ಬುದ್ಧಿವಂತಿಕೆಗೆ ನಾನೇ ಮರುಳಾಗಿ ಎರಡು ಲೋಟ ಮಜ್ಜಿಗೆ ಹೆಚ್ಚು ಕುಡಿದೆ.

ಮರುದಿನ ಅಜ್ಜಿ ಸೆರಗು ಸಿಕ್ಕಿಸಿ, ಯಾರ ಕೈಯನ್ನೂ ಹಿಡಿಯದೆ, ಕಟ್ಟೆಯಿಂದ ಸೀದಾ ಬಸ್ಸಿನೊಳಗೆ ಕಾಲಿಟ್ಟಳು. ಖುಷಿಯಲ್ಲಿ ನಾನು ಪುಸ್ತಕದ ಚೀಲವನ್ನು ಕಟ್ಟೆಯ ಮೇಲೇ ಮರೆತು ಹತ್ತಿದೆ. ಗೆಳತಿಯರಿಬ್ಬರೂ ಸಂಜೆಯವರೆಗೆ ಮಾತಾಡಿದರು.

ಮರಳಿ ಬರುವಾಗ ಬಸ್ಸು ರಸ್ತೆಯ ಆಚೆ ಬದಿಗೆ ನಿಂತಿತು. ಅಲ್ಲಿ ಕಟ್ಟೆ ಇರಲಿಲ್ಲ. ಅಜ್ಜಿಯನ್ನು ಕಳಿಸುವ ಉತ್ಸಾಹದಲ್ಲಿ, ಹೋದವಳು ಬರುತ್ತಾಳೆ ಎನ್ನುವುದೇ ಇಡೀ ಊರಿಗೆ ಹೊಳೆದಿರಲಿಲ್ಲ.

"ಲಗೂನ ಇಳೀರಿ ಅಜ್ಜಿ, ಹೊತ್ತಾತು" ಎಂದ ಹಾವೇರಿ ಕಡೆಯ ಕಂಡಕ್ಟರ್.

ಅಜ್ಜಿ ಕೆಳಗೆ ನೋಡಿದಳು. ಎತ್ತಲು ಬಂದ ಕೈಗಳನ್ನು ನೋಡಿದಳು. ಹೋಗಿ ಮತ್ತೆ ಸೀಟಿನಲ್ಲಿ ಕೂತಳು.

"ಈ ಬಸ್ಸು ತಿರುಗಿ ಬತ್ತಿಲ್ಯ? ಆವಾಗ ಇಳೀತೆ."

ಸರಿ, ಕೊನೆಯ ಊರಿನವರೆಗೂ ಹೋದೆವು. ದಾರಿಯುದ್ದಕ್ಕೂ ಅವಳು ಯಾರ ಗದ್ದೆ ಎಷ್ಟು ಚೆನ್ನಾಗಿದೆ ಎಂದು ತೀರ್ಪು ಕೊಟ್ಟಳು, ಕಂಡಕ್ಟರನ ಮಕ್ಕಳೆಷ್ಟು ಎಂದು ವಿಚಾರಿಸಿದಳು. ಬಸ್ಸು ತಿರುಗಿ ಬಂದು ನಮ್ಮ ಕಟ್ಟೆಗೆ ತಾಗಿ ನಿಂತಾಗ ಮಹಾರಾಣಿಯ ಹಾಗೆ ಇಳಿದಳು. ನಾಚಿಕೆಗೋ ನಗುವಿಗೋ ನನಗೆ ಉಸಿರೇ ಸಿಗಲಿಲ್ಲ.

ಮುಂದಿನ ಭಾನುವಾರ ಆಚೆ ಬದಿಗೂ ಕಟ್ಟೆ ಎದ್ದಿತು. ಮರುದಿನ ಅಜ್ಜಿಯೂ ನಾನೂ ಮತ್ತೆ ಪೇಟೆಗೆ ಹೋಗಿ ಮರಳಿದಾಗ, ಅದರ ಮೇಲೆ ಮೊದಲು ಇಳಿದವಳು ಪಕ್ಕದ ಮನೆಯ ಬಸುರಿ, ಅವಳ ಹಿಂದೆ ಶಾಲೆಯ ಮಕ್ಕಳು. ನಾನೂ ಇಳಿದು ಅಜ್ಜಿಗಾಗಿ ಕಾದು ನಿಂತೆ. ಕಿಟಕಿಯಿಂದ ಅವಳ ಕೈಚೀಲ ಬಂದು ನನ್ನ ಎದೆಗೆ ಬಿತ್ತು.

"ನೀ ಮನಿಗೆ ನಡಿ. ಆನು ತಿರುಗಿ ಬತ್ತೆ."