ಅಪ್ಪನ ಟವಲಿನ ಗಂಟು

ನಮ್ಮಪ್ಪ ಹಾವು ಕಚ್ಚಿದವರಿಗೆ ಗಂಟು ಹಾಕುತ್ತಿದ್ದರು. ಹಳೇಬೀಡಿನಿಂದ ಜಾವಗಲ್ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ಇರುವ ನಮ್ಮೂರಿನಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಯಾರಿಗಾದರೂ ಹಾವು ಕಚ್ಚಿದ ಸುದ್ದಿ ಕಿವಿಗೆ ಬಿದ್ದರೆ ಸಾಕು, ಹೊಲದಲ್ಲಿರಲಿ, ಬಸ್ಸಿನಲ್ಲಿರಲಿ, ಊಟಕ್ಕೆ ಕೂತಿರಲಿ, ಅಪ್ಪ ಹೆಗಲ ಮೇಲಿನ ಟವಲಿನ ತುದಿಗೆ ಒಂದು ಗಂಟು ಹಾಕಿ ತುಟಿಯೊಳಗೇ ಏನೋ ಹೇಳಿಕೊಳ್ಳುತ್ತಿದ್ದರು. ಗಂಟು ಬಿದ್ದ ಗಳಿಗೆಯಿಂದ ವಿಷ ಮೈಯಲ್ಲಿ ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ ಎಂದು ನಂಬಿಕೆ. ಆಮೇಲೆ ಕಚ್ಚಿಸಿಕೊಂಡವರನ್ನು ನಮ್ಮ ಜಗಲಿಗೆ ಕರೆತರುತ್ತಿದ್ದರು. ಅಪ್ಪ ಬೇವಿನ ಸೊಪ್ಪಿನಿಂದ ನೀವಾಳಿಸುತ್ತಿದ್ದರು. ವಾಸಿಯಾದ ಮೇಲೆ ಗಂಟು ಬಿಚ್ಚುತ್ತಿದ್ದರು. ಕಾಸು ಮುಟ್ಟುವಂತಿಲ್ಲ, ಬಂದವರಿಗೆ ಆಗುವುದಿಲ್ಲ ಎನ್ನುವಂತಿಲ್ಲ, ತನಗೆ ತಾನೇ ಗಂಟು ಹಾಕಿಕೊಳ್ಳುವಂತಿಲ್ಲ. ಹೆಂಗಸರಂತೂ ಹಾಕುವಂತೆಯೇ ಇಲ್ಲ. ಇದೆಲ್ಲ ಅಪ್ಪನಿಗೆ ಅವರ ಸೋದರಮಾವ ಹೇಳಿಕೊಟ್ಟ ಕಟ್ಟಳೆ.

ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಮದುವೆಯಾದ ಮೇಲೂ ತವರಿನಲ್ಲೇ ಇದ್ದೇನೆ, ನನ್ನ ಗಂಡ ಮನೆ ಅಳಿಯ. ಮನೆ ಮುಂದಿನ ಕಾರು ಅವರದು, ಹಾಗಾಗಿ ಅವರ ಮರ್ಯಾದೆಗೇನೂ ಕೊರತೆಯಿಲ್ಲ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ, ನಾನೂ ಇಲ್ಲ ಎನ್ನುವುದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಸಿಟ್ಟೆಲ್ಲ ಈ ಗಂಟಿನ ಮೇಲೆ ತಿರುಗಿತ್ತು. ನೀನು ವಾಸಿ ಮಾಡಿದೆ ಅಂದುಕೊಂಡಿರುವ ಬಹಳ ಜನಕ್ಕೆ ಕಚ್ಚಿದ್ದು ಕೇರೆಹಾವೋ ನೀರುಹಾವೋ ಇರಬೇಕು, ಅವರು ಮನೆಯಲ್ಲೇ ಮಲಗಿದ್ದರೂ ಬದುಕುತ್ತಿದ್ದರು ಎಂದು ಒಂದು ದಿನ ಅಪ್ಪನ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟೆ. ಅಪ್ಪ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಮೂರನೆಯ ದಿನ, ನಾನು ಶಾಲೆಗೆಂದು ತಂದು ನಡುಮನೆಯ ಗೋಡೆಗೆ ಒರಗಿಸಿದ್ದ ಹಾವುಗಳ ಚಾರ್ಟಿನ ಮುಂದೆ ಅಪ್ಪ ಬಂದು ನಿಂತರು. ಒಂದು ಚಿತ್ರದ ಮೇಲೆ ಬೆರಳಿಟ್ಟು ಏನು ಬರೆದಿದೆ ಎಂದು ಕೇಳಿದರು. ಕಟ್ಟುಹಾವು ಎಂದು ಓದಿ ಹೇಳಿದೆ. ಇದು ಕಟ್ಟುಹಾವಲ್ಲ, ತೋಳಹಾವು ಎಂದರು. ಕಟ್ಟುಹಾವಿಗೆ ತಲೆಯ ಹತ್ತಿರ ಬರೀ ಕಪ್ಪು, ಬಿಳಿ ಪಟ್ಟೆ ಆಮೇಲೆ ಶುರುವಾಗಿ ಬಾಲದವರೆಗೂ ಎದ್ದು ಕಾಣುತ್ತದೆ. ತೋಳಹಾವಿಗೆ ಕತ್ತಿನಿಂದಲೇ ಪಟ್ಟೆ, ಬಾಲದ ಕಡೆ ಅಳಿಸಿಹೋಗುತ್ತದೆ. ಮೊದಲನೆಯದು ಕಚ್ಚಿದರೆ ನೋವೇ ಇಲ್ಲದೆ ಪ್ರಾಣ ಹೋಗುತ್ತದೆ, ಎರಡನೆಯದು ಕಚ್ಚಿದರೆ ಏನೂ ಆಗುವುದಿಲ್ಲ. ನಾನು ಮರುದಿನ ಶಾಲೆಯ ದಪ್ಪ ಪುಸ್ತಕ ತೆಗೆದು ನೋಡಿದೆ. ಚಾರ್ಟು ಮಾಡಿದವರು ಎರಡು ಚಿತ್ರಗಳನ್ನು ಅದಲುಬದಲು ಮಾಡಿದ್ದರು. ಬಿಎಸ್ಸಿ ಓದಿದ ನನ್ನ ಕಣ್ಣಿಗೆ ಬೀಳದಿದ್ದದ್ದು, ಹೆಬ್ಬೆಟ್ಟು ಬಿಟ್ಟು ಸಹಿ ಹಾಕಲು ಕಲಿತಿದ್ದೇ ಮೊನ್ನೆ ಮೊನ್ನೆ ಅನ್ನುವ ಅಪ್ಪನ ಕಣ್ಣಿಗೆ ಬಿದ್ದಿತ್ತು. ಹೆಸರು ತಿದ್ದಿದ ಚೀಟಿಯನ್ನು ಚಾರ್ಟಿಗೆ ಅಂಟಿಸಿ, ಇದನ್ನು ತಿದ್ದಿದವರು ನಮ್ಮಪ್ಪ ಎಂದು ತರಗತಿಯಲ್ಲಿ ಹೇಳಿದೆ. ಆ ವರ್ಷ ಎಷ್ಟು ಸಲ ಹೇಳಿದೆನೋ, ಮಕ್ಕಳಿಗೂ ಬೇಜಾರು ಬಂದಿರಬೇಕು.

ಆಮೇಲೆ ಭಾನುವಾರಗಳಲ್ಲಿ ಅಪ್ಪ ಹೇಳುತ್ತಿದ್ದರು, ನಾನು ಚಿತ್ರ ಬರೆದುಕೊಳ್ಳುತ್ತಿದ್ದೆ. ಜಾವಗಲ್ ಕಡೆಯ ಕಲ್ಲು ಭೂಮಿಯಲ್ಲಿ ಗರಗಸಮಂಡಲ, ಕೆರೆ ಏರಿಯಲ್ಲಿ ನೀರುಹಾವು, ರಾಗಿ ಹೊಲದಲ್ಲಿ ಇಲಿ ಹಿಂದೆ ಓಡುವ ಕೇರೆ, ಬೇಲಿಯಲ್ಲಿ ಹಸಿರುಹಾವು, ಸಡಿಲ ಮಣ್ಣಿನಲ್ಲಿ ಎರಡು ತಲೆ ಇದೆಯೆಂದು ಜನ ಸುಳ್ಳೇ ಹಬ್ಬಿಸಿರುವ ಮಣ್ಣುಮುಕ್ಕ. ಇಷ್ಟು ಬಗೆಯಲ್ಲಿ ನಮ್ಮ ಸೀಮೆಯಲ್ಲಿ ನಿಜವಾಗಿ ಹೆದರಬೇಕಾದದ್ದು ನಾಲ್ಕಕ್ಕೆ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಹಳೇಬೀಡಿನ ಶಿಲ್ಪ ನೋಡಲು ದೂರದೂರದಿಂದ ಜನ ಬರುತ್ತಾರೆ, ನಮ್ಮ ಬೇಲಿಯಲ್ಲೇ ಇರುವುದನ್ನು ನಾವೇ ನೋಡುವುದಿಲ್ಲವಲ್ಲ ಎಂದು ಆ ಚಿತ್ರಗಳನ್ನು ಬರೆಯುವಾಗ ಅನ್ನಿಸುತ್ತಿತ್ತು.

ಆದರೆ ಗಂಟು ನಿಲ್ಲಲಿಲ್ಲ. ಅದು ನಿಂತದ್ದು, ನಿಂತದ್ದಲ್ಲ, ಬೇರೆಯಾದದ್ದು ಒಂದು ಸಾವಿನಿಂದ.

ಪಕ್ಕದ ಊರಿನ ಒಬ್ಬ ಯುವಕನನ್ನು ಒಂದು ಬೆಳಗ್ಗೆ ಬೈಕಿನಲ್ಲಿ ಕರೆತಂದರು. ನೆಲದ ಮೇಲೆ ಚಾಪೆಯಲ್ಲಿ ಮಲಗಿದ್ದಾಗ ಕಚ್ಚಿತ್ತು. ಊತವಿಲ್ಲ, ಉರಿಯಿಲ್ಲ, ಸೂಜಿ ಚುಚ್ಚಿದಂಥ ಎರಡು ಗುರುತು. ಚೆನ್ನಾಗೇ ಮಾತಾಡುತ್ತಿದ್ದ. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ನಾನು ಕಿರುಚಿದೆ, ಗಂಟು ಬಿದ್ದಿದೆ ಎಂದು ಅವನ ಕಡೆಯವರೇ ನನ್ನ ಬಾಯಿ ಮುಚ್ಚಿಸಿದರು. ಸ್ವಲ್ಪ ಹೊತ್ತಿಗೆ ಅವನ ಕಣ್ಣಿನ ರೆಪ್ಪೆ ಜೋತು ಬಿತ್ತು, ಆಮೇಲೆ ಮಾತು ತೊದಲಿತು. ನನ್ನ ಗಂಡ ಕಾರು ತೆಗೆಯುವಷ್ಟರಲ್ಲಿ ಹೊತ್ತು ಮೀರಿತ್ತು. ಬೇಲೂರು ಮುಟ್ಟುವ ಮೊದಲೇ ಹೋಗಿಬಿಟ್ಟ.

ಅವನ ಮನೆಯವರು ಅಪ್ಪನನ್ನು ಒಂದು ಮಾತೂ ಅನ್ನಲಿಲ್ಲ. ಅನ್ನಬೇಕಿತ್ತು ಎಂದು ಈಗಲೂ ನನಗೆ ಅನ್ನಿಸುತ್ತದೆ. ನಾನು ಹೇಳಿರಲಿಲ್ಲವೇ ಎಂಬ ಮಾತು ನನ್ನ ನಾಲಿಗೆ ತುದಿಗೂ ಬಂದಿತ್ತು, ಅಪ್ಪನ ಮುಖ ನೋಡಿ ನುಂಗಿಕೊಂಡೆ. ಗಂಟು ಹಾಗೇ ಉಳಿದಿದ್ದ ಆ ಟವಲನ್ನು ಅಮ್ಮ ಒಗೆಯಲು ಕೇಳಿದರೆ ಅಪ್ಪ ಕೊಡಲಿಲ್ಲ. ಹದಿನೈದು ದಿನ ಕಳೆದ ಮೇಲೆ ಒಂದು ಬೆಳಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು, ಕಣ್ಣು ತೋರಿಸಿಕೊಂಡು ಬತ್ತೀನಿ ಎಂದು ಬೇಲೂರು ಬಸ್ಸು ಹತ್ತಿದರು. ಸಂಜೆ ಬಂದವರು ಕಣ್ಣಿನ ವಿಷಯ ಎತ್ತಲಿಲ್ಲ, ನಾವೂ ಕೇಳಲಿಲ್ಲ.

ಅದಾದ ಮೇಲೆ ಗೆಂಡೆಹಳ್ಳಿ ಕಡೆಯಿಂದ ಒಂದು ಫೋನು ಬಂತು. ಅಪ್ಪ ಟವಲಿಗೆ ಗಂಟು ಹಾಕಿದರು. ನಾನು ಅಡುಗೆಮನೆಯಲ್ಲಿ ಹಲ್ಲು ಕಡಿಯುತ್ತಾ ನಿಂತಿದ್ದೆ. ಅಪ್ಪ ಫೋನಿನಲ್ಲಿ ಹೇಳಿದ್ದು ಕೇಳಿಸಿತು.

"ಗಂಟು ಹಾಕಿದೀನಿ. ನೀವು ಬೇಲೂರು ಆಸ್ಪತ್ರೆ ಕಡೀಕೆ ಹೋದ್ರೆ ನಿಲ್ತದೆ. ನನ್ನ ಕಡೀಕೆ ತಿರುಗಿದ್ರೆ ಬಿಚ್ಕೊಂಡೋಯ್ತದೆ. ಇಲ್ಲಿ ಗಂಟು ಬಿದ್ದೈತೆ, ಕಾಲಿಗೆ ಇನ್ನೊಂದು ಕಟ್ಬ್ಯಾಡಿ. ಬ್ಲೇಡು ಮುಟ್ಟಿಸ್ಬ್ಯಾಡಿ. ಕಾಲುಂಗುರ, ಚೈನು ತೆಗೀರಿ, ಮಂತ್ರಕ್ಕೆ ಆಗಲ್ಲ. ನಡೆಸ್ಬ್ಯಾಡಿ, ಎತ್ಕೊಂಡೋಗಿ."

ನಾನು ಸೌಟು ಹಿಡಿದುಕೊಂಡೇ ಹೊರಗೆ ಬಂದೆ. ಅವರು ಮಂತ್ರದ ನೇಮವೆಂದು ಹೇಳಿದ್ದರಲ್ಲಿ ಒಂದೊಂದೂ ವೈದ್ಯರು ಹೇಳುವುದೇ. ಕಟ್ಟಿದರೆ ರಕ್ತ ಓಡದೆ ಕಾಲು ಕೆಡುತ್ತದೆ, ಕೊಯ್ದರೆ ರಕ್ತ ನಿಲ್ಲದೆ ಹೋಗಬಹುದು, ಊದಿದ ಮೇಲೆ ಉಂಗುರ ಬೆರಳಲ್ಲೇ ಸಿಕ್ಕಿಕೊಳ್ಳುತ್ತದೆ, ನಡೆದರೆ ವಿಷ ಬೇಗ ಹರಡುತ್ತದೆ. ಸಂತೋಷದ ಜೊತೆಗೆ ಸಿಟ್ಟೂ ಬಂತು. ಇಷ್ಟು ಗೊತ್ತಿದ್ದ ಮೇಲೆ ಮಂತ್ರದಲ್ಲಿ ಏನೂ ಇಲ್ಲ ಎಂದು ನೇರವಾಗಿ ಹೇಳಬಾರದೇ ಎಂದು ಜಗಳಕ್ಕೆ ನಿಂತೆ.

"ಇಲ್ಲ ಅಂದ್ರೆ ಇನ್ನೊಬ್ಬನ ಹತ್ರ ಹೋಯ್ತಾರೆ ಕಣವ್ವ," ಎಂದರು ಅಪ್ಪ. "ಅವನು ಕಾಲು ಕುಯ್ತಾನೆ."

ನಾನು ಸೌಟು ಒಳಗೆ ಇಟ್ಟು ಬಂದೆ. ಅಂದಿನಿಂದ ನಮ್ಮ ಜಗಲಿ ಖಾಲಿಯಾಯಿತು, ಫೋನು ಮಾತ್ರ ನಿಲ್ಲಲಿಲ್ಲ. ನಾಲ್ಕಾರು ವರ್ಷ ಹೀಗೇ ನಡೆಯಿತು.

ಕಳೆದ ವರ್ಷ ಚಳಿ ಶುರುವಾದ ಹೊತ್ತು. ಭಾನುವಾರ ಮಧ್ಯಾಹ್ನ ಅಪ್ಪ ನೀರೊಲೆಗೆಂದು ಹಿತ್ತಿಲಿನ ತೆಂಗಿನ ಸಿಪ್ಪೆಯ ರಾಶಿಗೆ ಕೈ ಹಾಕಿದರು. ರಾಶಿಯನ್ನು ಕೋಲಿನಿಂದ ತಟ್ಟದೆ ಕೈ ಹಾಕಬೇಡಿ ಎಂದು ಊರಿಗೆಲ್ಲ ಹೇಳುತ್ತಿದ್ದ ಮನುಷ್ಯ, ಅವತ್ತು ಕೋಲು ಮರೆತಿದ್ದರು. ಕುಕ್ಕರ್ ಸೀಟಿಯಂಥ ಬುಸ್ ಎಂಬ ಸದ್ದು ನನಗೂ ಕೇಳಿಸಿತು. ಓಡಿಹೋಗಿ ನೋಡುವಷ್ಟರಲ್ಲಿ ಅಪ್ಪ ಬಲಗೈ ಹಿಡಿದುಕೊಂಡು ತೆಂಗಿನ ಮರಕ್ಕೆ ಒರಗಿ ಕೂತಿದ್ದರು.

"ಕೊಳಕುಮಂಡಲ. ಸರಿಯಾಗೇ ಕಚ್ಚೈತೆ," ಎಂದರು, ಮಳೆ ಬರುವ ಹಾಗಿದೆ ಎಂದಷ್ಟು ಸಮಾಧಾನವಾಗಿ.

ನಾನು ಗಂಡನನ್ನು ಕೂಗಿದೆ. ಅಷ್ಟರಲ್ಲಿ ಹಿತ್ತಿಲು ತುಂಬಿತು. ಎಲ್ಲರ ಕಣ್ಣೂ ಅಪ್ಪನ ಟವಲಿನ ಮೇಲೆ. ಗಂಟಿನ ಯಜಮಾನನಿಗೇ ಕಚ್ಚಿದೆ, ಈಗ ಏನು ಮಾಡುತ್ತಾನೆ? ಊರಿನ ಹಿರಿಯರೊಬ್ಬರು, ತನಗೆ ತಾನೇ ಹಾಕಿಕೊಳ್ಳುವಂತಿಲ್ಲ, ಆಚೆ ಊರಿನ ಮಂತ್ರದವನನ್ನು ಕರೆಸಬೇಕು ಎಂದರು. ಆಗಲೇ ಯಾರೋ ಬೈಕು ಚಾಲೂ ಮಾಡಿದ್ದರು. ಆ ಮಂತ್ರದವನ ಬ್ಲೇಡಿನ ಗುರುತು ಎಷ್ಟು ಜನರ ಕಾಲ ಮೇಲಿದೆಯೆಂದು ನನಗೆ ಗೊತ್ತಿತ್ತು.

ನನ್ನ ಗಂಡ ಕಾರು ತಂದು ನಿಲ್ಲಿಸಿದರೂ ಅಪ್ಪ ಏಳಲಿಲ್ಲ. ಅಂಗೈ ಊದುತ್ತಿತ್ತು. ಪಕ್ಕದಲ್ಲಿ ಕೂತು ಏಳಪ್ಪ ಎಂದೆ. ಅವರು ನನಗೆ ಮಾತ್ರ ಕೇಳುವ ಹಾಗೆ, "ನಾನೇ ಆಸ್ಪತ್ರೆಗೆ ಹೋದ್ರೆ ನಾಳೆ ಈ ಗಂಟು ಯಾರು ನಂಬ್ತಾರೆ? ನಂಬ್ದೆ ಇದ್ರೆ ಆ ಬ್ಲೇಡಿನವನ ಹತ್ರ ಹೋಯ್ತಾರೆ," ಎಂದರು. ಆಗ ನನಗೆ ಅರ್ಥವಾಯಿತು. ಇವರು ಹೆದರಿದ್ದು ಸಾವಿಗಲ್ಲ. ನಾಳೆ ಫೋನು ಮಾಡದೆ ಇರುವವರಿಗಾಗಿ ಹೆದರಿ ಕೂತಿದ್ದಾರೆ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಟವಲನ್ನು ಅವರ ಹೆಗಲಿನಿಂದ ಎಳೆದುಕೊಂಡು, ಎದ್ದು ನಿಂತು, ಎಲ್ಲರೂ ನೋಡುವ ಹಾಗೆ ತುದಿಗೆ ಗಂಟು ಬಿಗಿದೆ. "ಗಂಟು ಹಾಕಿದೀನಿ," ಎಂದೆ. "ಆಸ್ಪತ್ರೆ ಕಡೆ ಹೋದ್ರೆ ನಿಲ್ಲುತ್ತೆ. ಇಲ್ಲೇ ಕೂತ್ರೆ ಬಿಚ್ಚಿಹೋಗುತ್ತೆ."

ಹೆಂಗಸರು ಹಾಕಿದ ಗಂಟು ನಿಲ್ಲುವುದಿಲ್ಲ ಎಂದರು ಆ ಹಿರಿಯರು.

ಅಪ್ಪ ತಲೆ ಎತ್ತಿ ಅವರನ್ನು ನೋಡಿದರು. "ನಿಲ್ತದೆ ಕಣೋ. ನಾನು ಹೇಳ್ತಾ ಇದೀನಿ. ಹಾಕೋದು ನಮ್ಮನೇಲಿ, ಬಿಚ್ಚೋದು ಆಸ್ಪತ್ರೇಲಿ, ಅದೇ ನೇಮ." ಊದುತ್ತಿದ್ದ ಬಲಗೈಯ ಬೆಳ್ಳಿಯ ಉಂಗುರವನ್ನು ಎಡಗೈಯಿಂದ ತಾವೇ ಕಳಚಿ ಅಮ್ಮನ ಕೈಗೆ ಕೊಟ್ಟರು. ನನ್ನ ಗಂಡ ಅವರನ್ನು ನಡೆಸದೆ ಎತ್ತಿಕೊಂಡು ಹೋಗಿ ಕಾರಿನಲ್ಲಿ ಕೂರಿಸಿದರು.

ಆಸ್ಪತ್ರೆಯಲ್ಲಿ ಅಪ್ಪನ ರಕ್ತವನ್ನು ಒಂದು ಗಾಜಿನ ಕೊಳವೆಯಲ್ಲಿ ತೆಗೆದು ಮೇಜಿನ ಮೇಲೆ ಅಲುಗಿಸದೆ ಇಟ್ಟರು. ಇಪ್ಪತ್ತು ನಿಮಿಷದ ಮೇಲೆ ಬಗ್ಗಿಸಿ ನೋಡುತ್ತಾರೆ. ಹೆಪ್ಪುಗಟ್ಟಿದ್ದರೆ ಸರಿ. ಅಪ್ಪನದು ನೀರಿನ ಹಾಗೆ ಹರಿಯಿತು. ಇದನ್ನು ಪಾಠದಲ್ಲಿ ಎಷ್ಟೋ ಸಲ ಹೇಳಿದ್ದೆ, ಕಣ್ಣಾರೆ ಕಂಡದ್ದು ಅವತ್ತೇ ಮೊದಲು. ವಿಷಕ್ಕೆ ಔಷಧಿಯನ್ನು ಡ್ರಿಪ್ಪಿನಲ್ಲಿ ಕೊಟ್ಟರು, ನಡುವೆ ಅಪ್ಪ ಗಡಗಡ ನಡುಗಿದರು, ಡಾಕ್ಟರು ಅಲ್ಲೇ ನಿಂತು ಸಂಭಾಳಿಸಿದರು. ಮತ್ತೆ ಗಾಜಿನ ಕೊಳವೆ, ಮತ್ತೆ ಕಾಯುವುದು. ಕೊನೆಗೊಮ್ಮೆ ನರ್ಸು ಕೊಳವೆ ಬಗ್ಗಿಸಿದಾಗ ರಕ್ತ ಅಲುಗದೆ ಗಟ್ಟಿಯಾಗಿ ನಿಂತಿತ್ತು. ನಾನು ಟವಲಿನ ಗಂಟು ಬಿಚ್ಚಿದೆ.

ಆ ವಯಸ್ಸಾದ ನರ್ಸು ಅಪ್ಪನ ಮುಖವನ್ನು ಬಹಳ ಹೊತ್ತು ನೋಡಿ, ಜಾವಗಲ್ ರಸ್ತೆಯ ಗಂಟಿನ ಯಜಮಾನರು ಇವರೇ ಅಲ್ಲವೇ ಎಂದು ಕೇಳಿದರು. ಮಂತ್ರ ಹಾಕುವವರೇ ಇಲ್ಲಿಗೆ ಬಂದರಾ ಎಂದು ಆಡಿಕೊಳ್ಳುತ್ತಾರೆ ಎಂದುಕೊಂಡೆ. ಅವರು ಹೇಳಿದ್ದೇ ಬೇರೆ. ಕೆಲವು ವರ್ಷಗಳ ಹಿಂದೆ ಈ ಮನುಷ್ಯ ಚೀಟಿ ಮಾಡಿಸಿಕೊಂಡು, ಕಾಯಿಲೆಯವರ ಸಾಲಿನಲ್ಲಿ ಮಧ್ಯಾಹ್ನದವರೆಗೆ ಕೂತಿದ್ದರಂತೆ. ಏನು ಕಾಯಿಲೆ ಎಂದು ಡಾಕ್ಟರು ಕೇಳಿದರೆ, ನನಗೇನೂ ಇಲ್ಲ, ಹಾವು ಕಚ್ಚಿದವರಿಗೆ ಏನೇನು ಮಾಡಬಾರದು ಹೇಳಿಕೊಡಿ ಎಂದರಂತೆ.

"ಇವರು ಕಳಿಸಿದೋರನ್ನ ನಾವು ಕೇಳೋದೇ ಬೇಡ ಕಣ್ರೀ," ಎಂದರು ನರ್ಸು. "ಕಾಲು ನೋಡಿದ್ರೆ ಗೊತ್ತಾಗುತ್ತೆ. ಹಗ್ಗ ಬಿಗಿದಿರಲ್ಲ, ಬ್ಲೇಡಿನ ಗಾಯ ಇರಲ್ಲ. ಹೊತ್ತಿಗೆ ಸರಿಯಾಗಿ ಬಂದಿರ್ತಾರೆ."

ನನಗೆ ಬಂದ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ಕಣ್ಣು ತೋರಿಸಲು ಹೋದ ದಿನ ಇದನ್ನು ಅಪ್ಪ ಮನೆಯಲ್ಲಿ ಹೇಳಬಹುದಿತ್ತು, ಹೇಳಲಿಲ್ಲ. ನಾನಾಗಿದ್ದರೆ ಊರಿಗೆಲ್ಲ ಸಾರುತ್ತಿದ್ದೆ. ಈಗ ಸಾರುತ್ತಲೇ ಇದ್ದೇನೆ.

ಅಪ್ಪ ಬದುಕಿದರು. ಬಲಗೈಯ ಎರಡು ಬೆರಳು ಮಾತ್ರ ಸೆಟೆದುಕೊಂಡವು, ಮಡಚಲು ಬರುವುದಿಲ್ಲ. ಮನೆಗೆ ಬಂದ ಮೇಲೆ ಸ್ವಲ್ಪ ದಿನ ಫೋನು ಬರಲಿಲ್ಲ. ಅಪ್ಪ ಅದನ್ನು ಪಕ್ಕದಲ್ಲೇ ಇಟ್ಟುಕೊಂಡು ಜಗಲಿಯಲ್ಲಿ ಕೂರುತ್ತಿದ್ದರು. ಅವರು ಹೆದರಿದ್ದೇ ಆಯಿತೇನೋ ಎಂದು ನನಗೂ ಅಳುಕಿತ್ತು.

ಒಂದು ದಿನ ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಫೋನು ಬಂತು. ಹಗರೆ ಕಡೆಯ ಒಬ್ಬರು, ಹಸುವಿಗೆ ಹುಲ್ಲು ಕೊಯ್ಯುವಾಗ ಹೆಂಡತಿಯ ಕಾಲಿಗೆ ಕಚ್ಚಿದೆ ಎಂದರು. ಆಮೇಲೆ, ನಿಮಗೂ ಕಚ್ಚಿತ್ತಂತೆ, ನೀವೇ ಆಸ್ಪತ್ರೆಗೆ ಹೋಗಿದ್ದಿರಂತೆ, ನಿಜವೇ ಎಂದು ಕೇಳಿದರು.

"ನಿಜ," ಎಂದರು ಅಪ್ಪ. "ಅದಕ್ಕೇ ಬದುಕಿದೀನಿ. ನೀವೂ ಹೊರಡಿ, ಕಾಲಿಗೆ ಏನೂ ಕಟ್ಬ್ಯಾಡಿ. ಇಲ್ಲಿ ಗಂಟು ಬೀಳ್ತದೆ."

ಟವಲಿನ ತುದಿಯನ್ನು ಎಡಗೈಯಲ್ಲಿ ಹಿಡಿದು, ಮಡಚದ ಬಲಗೈ ಬೆರಳುಗಳನ್ನು ನೋಡಿದರು. ಆಮೇಲೆ ಅದನ್ನು ಹೆಗಲಿನಿಂದ ತೆಗೆದು, ಜೀವಶಾಸ್ತ್ರದ ಟೀಚರಾದ ನನ್ನ ಕಡೆಗೆ ಚಾಚಿದರು. ನಾನು ಬ್ಯಾಗು ಕೆಳಗಿಟ್ಟು ಗಂಟು ಹಾಕಿದೆ.