ಥಾರ್ನ್‌ಬೆಕ್ ಕಾಲೇಜಿನ ಹರಿದ ತೋಳು

ಹರಿದ ಬಟ್ಟೆಯನ್ನು ಹರಿದ ಹಾಗೆಯೇ ವಸಂತಾ ಯಾರ ಕೈಗೂ ಕೊಟ್ಟವಳಲ್ಲ. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದವರ ಜೇಬಿನಲ್ಲಿ ತೂತು ಕಂಡರೆ ಅದನ್ನೂ ಹೊಲಿದು, ಏನೂ ಹೇಳದೆ, ಮಡಿಸಿ ಕೊಡುತ್ತಿದ್ದಳು. ನ್ಯೂಜಿಲೆಂಡಿನ ವೆಲ್ಲಿಂಗ್ಟನ್ ನಗರಕ್ಕೆ ಹತ್ತಿರದ ಲೋವರ್ ಹಟ್‌ನಲ್ಲಿ, ಹಾಲು ಬ್ರೆಡ್ಡು ಮಾರುವ ಡೈರಿಯ ಪಕ್ಕದಲ್ಲಿದ್ದ ಅವಳ ಚಿಕ್ಕ ಅಂಗಡಿಗೆ ಆರು ವರ್ಷಗಳಲ್ಲಿ ಹೆಸರು ಬಂದದ್ದು ಹೀಗೆಯೇ.

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಇಕ್ರಾಮ್ ಸಾಹೇಬರ ಬಳಿ ನಾಲ್ಕು ವರ್ಷ ರಫೂ ಕಲಿತವಳು ಅವಳು. ರಫೂ ಎಂದರೆ ತೇಪೆಯಲ್ಲ. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು, ಹರಿದ ಜಾಗದಲ್ಲಿ ಎಳೆಗೆ ಎಳೆ ಹೆಣೆದು, ಬಟ್ಟೆಯನ್ನೇ ಮತ್ತೊಮ್ಮೆ ನೇಯುವ ಕೆಲಸ. "ನಿನ್ನ ಕೆಲಸ ಯಾರ ಕಣ್ಣಿಗಾದ್ರೂ ಬಿತ್ತೋ, ನೀನು ಸೋತಂಗೇ ಮಗಳೇ," ಎನ್ನುತ್ತಿದ್ದರು ಸಾಹೇಬರು. ಮದುವೆಯಾಗಿ ಗುರುರಾಜನೊಂದಿಗೆ ನ್ಯೂಜಿಲೆಂಡಿಗೆ ಬಂದು, ಮಗಳು ಗಾನವಿ ಹೈಸ್ಕೂಲು ಸೇರಿದರೂ, ವಸಂತಾಳ ಕೆಲಸ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಬಿದ್ದದ್ದು ೨೦೧೪ರ ಜುಲೈ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಒಂಬತ್ತಕ್ಕೆ.

ಎರಡು ದಿನ ಮೊದಲು ಪಕ್ಕದ ಬೀದಿಯ ಕ್ಲೈವ್ ಒಂದು ಕರಿಯ ಗೌನು ತಂದುಕೊಟ್ಟಿದ್ದರು. ಎಪ್ಪತ್ತೇಳು ವರ್ಷದ ಈ ನಿವೃತ್ತ ಮೇಷ್ಟ್ರು ಹರೆಯದಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ ಓದಿ ಬಂದವರು. ಅಲ್ಲಿಯ ವಿಶ್ವವಿದ್ಯಾಲಯದೊಳಗೆ ಹಲವು ಕಾಲೇಜುಗಳಿದ್ದವು. ಹುಡುಗರು ತಮ್ಮ ತಮ್ಮ ಕಾಲೇಜಿನಲ್ಲೇ ವಾಸವಿದ್ದು, ರಾತ್ರಿ ಗೌನು ತೊಟ್ಟು ಒಂದೇ ಹಜಾರದಲ್ಲಿ ಉಣ್ಣುತ್ತಿದ್ದರು. ಕ್ಲೈವ್ ಇದ್ದದ್ದು ಥಾರ್ನ್‌ಬೆಕ್ ಕಾಲೇಜಿನಲ್ಲಿ. "ಕುತ್ತಿಗೆಯ ಹಿಂದೆ ತೂಗುಹಾಕಲು ಒಂದು ಕುಣಿಕೆ ಬೇಕು ನೋಡಿ, ಅಷ್ಟೇ," ಎಂದು ಹೇಳಿ ಹೋಗಿದ್ದರು.

ವಸಂತಾ ಕುಣಿಕೆ ಹೊಲಿದಳು. ಆಮೇಲೆ ಬಲದೋಳು ಕಂಡಿತು. ಮೊಣಕೈಯಿಂದ ಕೆಳಗೆ ಒಂದು ಗೇಣು ಸೀಳಿಹೋಗಿತ್ತು. ಪಾಪ, ಒಂಟಿ ಮುದುಕ, ಕಣ್ಣಿಗೆ ಕಂಡಿರಲಿಕ್ಕಿಲ್ಲ ಎಂದುಕೊಂಡು, ಶುಕ್ರವಾರ ಆರು ಗಂಟೆ ಕಾಲ ಕೂತು ರಫೂ ಮಾಡಿದಳು. ಅಷ್ಟು ಚೆನ್ನಾಗಿ ಅವಳು ಹಿಂದೆಂದೂ ಮಾಡಿರಲಿಲ್ಲ.

ಶನಿವಾರ ಕ್ಲೈವ್ ಬಂದು ಬಲದೋಳನ್ನು ಕೈಗೆತ್ತಿಕೊಂಡರು. ತಿರುಗಿಸಿದರು. ಎಡದೋಳನ್ನು ನೋಡಿ ಮತ್ತೆ ಬಲಕ್ಕೆ ಬಂದರು.

"ಹರಕು ಎಲ್ಲಿ?" ಎಂದರು.

"ಹೊಲಿದೆ. ದುಡ್ಡು ಬೇಡ," ಎಂದಳು ವಸಂತಾ ನಗುತ್ತಾ.

ಅವರು ಕುರ್ಚಿ ಹುಡುಕಿಕೊಂಡು ಕೂತರು. ನಿಧಾನವಾಗಿ, ಸಿಟ್ಟಿಲ್ಲದೆಯೇ ಹೇಳಿದರು. ಅದೇ ಹೆಚ್ಚು ನೋಯಿಸಿತು. ೧೯೫೭ರಲ್ಲಿ ಕಾಲೇಜಿನ ಹಿಂದಿನ ನದಿಗೆ ಆರು ವರ್ಷದ ಹುಡುಗಿಯೊಬ್ಬಳು ಬಿದ್ದಳು. ಕ್ಲೈವ್ ಗೌನಿನಲ್ಲೇ ಹಾರಿದರು. ಮಗು ಹಿಡಿದದ್ದು ಬಲದೋಳನ್ನು. ದಡಕ್ಕೆ ಬರುವವರೆಗೂ ಬಿಡಲಿಲ್ಲ. ತೋಳು ಸೀಳಿದ್ದು ಆಗ. ಅವಳ ತಾಯಿ ಕಾಲೇಜಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸಕ್ಕಿದ್ದಾಕೆ, ಅದುವರೆಗೆ ಹಿಂಬಾಗಿಲಿನಿಂದಲೇ ಬಂದುಹೋಗುತ್ತಿದ್ದವಳು. ಆ ವಾರ ಅವಳನ್ನು ಮುಂಬಾಗಿಲಿನಿಂದ ಕರೆದು ಹಜಾರದಲ್ಲಿ ಊಟಕ್ಕೆ ಕೂರಿಸಿದರು. ಅಂದಿನಿಂದ ಪ್ರತಿ ವರ್ಷ ಊರಿನದೊಂದು ಕುಟುಂಬ ಆ ಹಜಾರದಲ್ಲಿ ಉಣ್ಣುತ್ತದೆ. ಈಗ ಕಾಲೇಜು ತನಗೂ ಊರಿಗೂ ಇರುವ ನಂಟನ್ನು ತೋರಿಸಲೆಂದೇ ಒಂದು ಪ್ರದರ್ಶನದ ಕೋಣೆ ತೆರೆಯುತ್ತಿದೆ. ಈ ಹರಿದ ತೋಳು ಅಲ್ಲಿ ಗಾಜಿನೊಳಗೆ ಇರಬೇಕಿತ್ತು. ಅದನ್ನು ಒಯ್ಯಲು ಪ್ರಾಂಶುಪಾಲೆಯೇ ವೆಲ್ಲಿಂಗ್ಟನ್ನಿಗೆ ಬಂದಿದ್ದಾರೆ. ಇವತ್ತು ಸಂಜೆ ಆರಕ್ಕೆ ಅಲ್ಲಿಯ ಗುಡ್ಡದ ಮೇಲಿನ ಕ್ಲಬ್ಬೊಂದರಲ್ಲಿ ಹಳೆಯ ವಿದ್ಯಾರ್ಥಿಗಳ ಊಟ.

"ನನ್ನ ಬದುಕಿನಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ," ಎಂದರು ಕ್ಲೈವ್. "ಬಿಚ್ಚಲು ಬರುತ್ತದೆಯೇ?"

"ಬರುತ್ತದೆ. ಆರಕ್ಕೆ ನಾನೇ ತಂದುಕೊಡ್ತೀನಿ," ಎಂದುಬಿಟ್ಟಳು ವಸಂತಾ. ಬರುತ್ತದೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ರಫೂ ಬಿಚ್ಚುವುದನ್ನು ಸಾಹೇಬರು ಕಲಿಸಿರಲೇ ಇಲ್ಲ.

ಅವರು ಹೋದ ಮೇಲೆ ಬಾಗಿಲಿಗೆ ಚಿಲಕ ಹಾಕಿ ಕೂತಳು. ಕರಿಯ ಬಟ್ಟೆ, ಅದೇ ಬಟ್ಟೆಯ ಕರಿಯ ಎಳೆ. ತನ್ನದು ಯಾವುದು, ಗೌನಿನದು ಯಾವುದು? ತಪ್ಪಿ ಗೌನಿನ ಎಳೆ ಕಿತ್ತರೆ ಹರಕು ದೊಡ್ಡದಾದೀತು, ಆ ಮಗು ಹರಿದ ಹರಕಾಗಿ ಉಳಿಯದು. ಹರಿದ ಅಂಚನ್ನು ಕತ್ತರಿಸಿರಲಿಲ್ಲ, ಅಷ್ಟೇ ಪುಣ್ಯ. ತೋಳನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ಬೆಳಕು ಹಾಯ್ದಾಗ ಸುಳಿವು ಸಿಕ್ಕಿತು: ಹಳೆಯ ಎಳೆಗಳು ಬಿಸಿಲಿಗೆ ತುಸು ಕಂದಿದ್ದವು, ಒಳಮಡಿಕೆಯಿಂದ ತೆಗೆದವು ಅಪ್ಪಟ ಕಪ್ಪು. ಕೂದಲೆಳೆಯಷ್ಟು ವ್ಯತ್ಯಾಸ. ವಸಂತಾ ಸೂಜಿ ಕೈಗೆತ್ತಿಕೊಂಡಳು. ಬರುತ್ತದೆ!

ಮಧ್ಯಾಹ್ನ ಗುರುರಾಜ್ ಚಿತ್ರಾನ್ನದ ಡಬ್ಬಿ ಹಿಡಿದು ಬಾಗಿಲು ತಟ್ಟಿ ಒಳಗೆ ಬಂದ, ಹಿಂದೆ ಗಾನವಿ.

"ಏನೇ ಇದು, ನಿನ್ನೆ ಹೊಲ್ದಿದ್ದು ಇವತ್ತು ಬಿಚ್ತಾ ಇದೀಯ? ನಮ್ಮ ಲ್ಯಾಬಲ್ಲಿ ಹಿಂಗೆ ಮಾಡಿದ್ರೆ ರಿಸರ್ಚ್ ಅಂತಾರೆ."

"ಬೆಳಕಿಗೆ ಅಡ್ಡ ನಿಲ್ಬೇಡಿ ಅಂದ್ರೆ!"

"ಅಮ್ಮಾ, ಜಸ್ಟ್ ಸೇ ಸಾರಿ," ಎಂದಳು ಗಾನವಿ.

"ಸಾರಿ ಅಂದ್ರೆ ತೋಳು ಹರಿಯುತ್ತಾ? ಬಾಯಿ ಮುಚ್ಕೊಂಡು ಆ ಚಿಮಟ ಕೊಡು."

ಗುರುರಾಜ್ ತುತ್ತು ಮಾಡಿ ಅವಳ ಬಾಯಿಗಿಟ್ಟ. ಅರಿಶಿನದ ಕೈ ಗೌನಿಗೆ ತಾಗೀತೆಂದು ಅವಳು ಮೊಣಕೈಯಿಂದ ಅವನನ್ನು ದೂರ ತಳ್ಳಿದಳು. ನಾಲ್ಕೂವರೆಗೆ ಹರಕು ಮತ್ತೆ ಬಾಯಿ ತೆರೆದಿತ್ತು. ನಾಲ್ಕು ಎಳೆ ಮಾತ್ರ ಬರಲಿಲ್ಲ. ಸೀಳಿನ ಕೊನೆಯಲ್ಲಿ ಗೌನಿನ ಎಳೆಗಳ ನಡುವೆ ಬಿಗಿದುಕೊಂಡಿದ್ದವು. ಬಿಟ್ಟುಬಿಟ್ಟಳು. ಸೂಜಿದಾರದ ಡಬ್ಬಿಯಿದ್ದ ಪುಟ್ಟ ಚೀಲ ಹೆಗಲಿಗೇರಿಸಿ, ಗೌನು ಎದೆಗೊತ್ತಿಕೊಂಡು ಸ್ಟೇಷನ್ನಿಗೆ ಓಡಿದಳು.

ವೆಲ್ಲಿಂಗ್ಟನ್ನಿನಲ್ಲಿ ರೈಲಿನಿಂದ ಇಳಿದರೆ ಗಾಳಿ ಗೌನನ್ನು ಕಿತ್ತುಕೊಳ್ಳಲು ನೋಡಿತು. ವಸಂತಾ ಅದನ್ನು ಸ್ವೆಟರಿನೊಳಗೆ ತುರುಕಿ, ಬಸುರಿಯ ಹಾಗೆ ಹೊಟ್ಟೆ ಹಿಡಿದು, ಗುಡ್ಡದ ಮೆಟ್ಟಿಲು ಹತ್ತಿದಳು. ಆರಕ್ಕೆ ಎರಡು ನಿಮಿಷವಿತ್ತು.

ಒಳಗೆ ಹನ್ನೊಂದು ಜನ ಮುದುಕ ಮುದುಕಿಯರು ಗೌನು ತೊಟ್ಟು ಮೇಜಿನ ಸುತ್ತ ಇದ್ದರು. ಕ್ಲೈವ್ ಬಾಗಿಲಲ್ಲೇ ಕಾದಿದ್ದರು. ಹರಕಿನೊಳಗೆ ಎರಡು ಬೆರಳು ತೂರಿಸಿ, ಕಣ್ಣು ಮುಚ್ಚಿಕೊಂಡರು.

"ನಾಲ್ಕು ಎಳೆ ಉಳಿದಿವೆ. ಹೇಳಲೇಬೇಕು," ಎಂದಳು ವಸಂತಾ.

"ಇರಲಿ. ಮೊದಲು ಊಟಕ್ಕೆ ಕೂತುಕೊಳ್ಳಿ," ಎಂದು ಅವಳಿಗೆ ತಮ್ಮ ಪಕ್ಕದ ಕುರ್ಚಿ ಎಳೆದರು.

ಅಷ್ಟರಲ್ಲಿ ಪ್ರಾಂಶುಪಾಲೆ ಲ್ಯಾಪ್‌ಟಾಪ್ ತೆರೆದರು. ಸ್ಕೈಪಿನಲ್ಲಿ ಅರವತ್ತು ದಾಟಿದ ಹೆಂಗಸು, ಕೈಯಲ್ಲಿ ಚಹಾದ ಲೋಟ; ಅಲ್ಲಿ ಬೆಳಿಗ್ಗೆ ಏಳು ಗಂಟೆ. ನದಿಗೆ ಬಿದ್ದ ಹುಡುಗಿ ಡೋರೀನ್! ಎಲ್ಲರೂ ಚಪ್ಪಾಳೆ ತಟ್ಟಿದರು. ಕ್ಲೈವ್ ತೋಳನ್ನು ಕ್ಯಾಮೆರಾದ ಮುಂದೆ ಹಿಡಿದರು.

ಡೋರೀನ್ ಬಗ್ಗಿ ನೋಡಿದಳು. "ಅಯ್ಯೋ ದೇವರೇ, ಇನ್ನೂ ಹೊಲಿಸಿಲ್ಲವಾ ನೀವು?"

ಚಪ್ಪಾಳೆ ನಿಂತಿತು.

"ನಮ್ಮಮ್ಮ ಮೂರು ಸಲ ಸೂಜಿ ಹಿಡಿದು ಬಂದಳು. ಮೂರು ಸಲವೂ ಬೇಡ ಅಂದಿರಿ. ಆ ಊಟದಲ್ಲಿ ಒಂದು ತುತ್ತು ಇಳಿದಿಲ್ಲ ಅವಳಿಗೆ. ಎದುರಿಗೇ ನೀವು, ಅವಳ ಮಗಳೇ ಹರಿದಿದ್ದ ಆ ಬಟ್ಟೆ ತೊಟ್ಟುಕೊಂಡು! ಒಗೆದು ಹೊಲಿದು ಬದುಕಿದವಳು, ಊರವರ ಮುಂದೆ ಮುಖ ಎತ್ತುವುದು ಹೇಗೆ? ಸಾಯುವವರೆಗೂ ಬೈದಳು ನಿಮ್ಮನ್ನ. ನನ್ನನ್ನು ಉಳಿಸಿದ್ದಕ್ಕೆ ಪ್ರಾರ್ಥನೆ, ತೋಳಿಗೆ ಬೈಗುಳ."

ಕ್ಲೈವ್ ತೋಳನ್ನು ಹಿಡಿದೇ ನಿಂತಿದ್ದರು. "ನಾನು ಅದನ್ನು ಗೌರವ ಅಂದುಕೊಂಡಿದ್ದೆ," ಎಂದರು.

"ನಿಮಗೆ ಗೌರವ. ಅವಳಿಗೆ ಅವಮಾನ," ಎಂದಳು ಡೋರೀನ್.

ವಸಂತಾಳಿಗೆ ತಡೆಯಲಾಗಲಿಲ್ಲ. ಜನರೆದುರು ಇಂಗ್ಲಿಷಿನಲ್ಲಿ ಬಾಯಿ ಬಿಡಲು ಹೆದರುತ್ತಿದ್ದವಳು ಲ್ಯಾಪ್‌ಟಾಪಿನ ಮುಂದೆ ಬಂದು, "ನಾನು ನಿನ್ನೆ ಹೊಲಿದಿದ್ದೆ. ಕಾಣದ ಹಾಗೆ. ಇವತ್ತು ಬಿಚ್ಚಿದೆ," ಎಂದಳು.

"ಬಿಚ್ಚಿದಿರಾ!" ಡೋರೀನ್ ಚಹಾ ಚೆಲ್ಲಿಕೊಂಡಳು. ಹನ್ನೊಂದು ಜನವೂ ಒಟ್ಟಿಗೆ ಮಾತಾಡತೊಡಗಿದರು. ಹರಕು ಇಲ್ಲದಿದ್ದರೆ ಕೋಣೆಯಲ್ಲಿ ನೋಡುವುದಾದರೂ ಏನು ಎಂದು ಒಬ್ಬರು. ಅಲ್ಲಿಯ ಊರಿನವರ ಮಾತನ್ನು ಈಗಲೂ ಕೇಳದಿದ್ದರೆ ಆ ಕೋಣೆ ಯಾಕೆ ಎಂದು ಇನ್ನೊಬ್ಬರು. ಪ್ರಾಂಶುಪಾಲೆ ಕ್ಲೈವ್ ಕಡೆ ನೋಡಿದರು.

ಕ್ಲೈವ್ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ, ಬಲದೋಳನ್ನು ವಸಂತಾಳ ಮುಂದೆ ಹರಡಿದರು.

"ಆರು ಗಂಟೆ ಹಿಡಿಯುತ್ತದೆ," ಎಂದಳು ಅವಳು.

"ನನ್ನ ವಿಮಾನ ನಾಳೆ ಮಧ್ಯಾಹ್ನ," ಎಂದರು ಪ್ರಾಂಶುಪಾಲೆ.

"ಈ ಸಲ ಕಾಣುವ ಹಾಗೆ ಹೊಲಿಯಿರಿ," ಎಂದಳು ಡೋರೀನ್. "ಹೊಲಿದಿದ್ದಾರೆ ಅಂತ ನಮ್ಮ ಊರಿಗೆಲ್ಲ ಗೊತ್ತಾಗಲಿ."

ಕಾಣುವ ಹಾಗೆ! ಇಪ್ಪತ್ತೈದು ವರ್ಷಗಳಲ್ಲಿ ವಸಂತಾಳನ್ನು ಹಾಗೆ ಕೇಳಿದವರು ಯಾರೂ ಇರಲಿಲ್ಲ. ತನ್ನ ಚೀಲದ ಡಬ್ಬಿಯಲ್ಲಿ ಹುಡುಕಿ, ಒಂದು ಕೆಂಪು ರೇಷ್ಮೆ ಎಳೆ ಆರಿಸಿದಳು. ಯಾರೋ ದೀಪ ಹತ್ತಿರ ತಂದರು. ಕರಿಯ ಗೌನುಗಳು ಸುತ್ತ ಬಗ್ಗಿದವು.

"ಲ್ಯಾಪ್‌ಟಾಪ್ ಮುಚ್ಚಬೇಡಿ," ಎಂದಳು ಡೋರೀನ್, ಇನ್ನೊಂದು ಲೋಟ ಚಹಾ ಬಗ್ಗಿಸಿಕೊಳ್ಳುತ್ತಾ. "ನನಗೆ ಇವತ್ತು ಬೇರೆ ಕೆಲಸವಿಲ್ಲ."