ಹೊಲಿಗೆಯಕ್ಕನ ಪುಟ್ಟ ದಿಂಬುಗಳು

ತೂತು ಕಂಡರೆ ಮುಚ್ಚದೆ ಬಿಡುವವಳಲ್ಲ ನಮ್ಮ ಹೊಲಿಗೆಯಕ್ಕ. ಅಂಗಿಯ ಮೊಣಕೈ ಹರಿದಿರಲಿ, ಸೋಫಾದ ಹೊಟ್ಟೆ ಒಡೆದಿರಲಿ, ಬೀದಿಯವರೆಲ್ಲ ಅವಳ ಬಾಗಿಲಿಗೇ ಬರುತ್ತಿದ್ದರು. ರಜಾಯಿ ಹೊಲಿಯುವುದರಲ್ಲಂತೂ ಎತ್ತಿದ ಕೈ. ಅವಳ ನಿಜವಾದ ಹೆಸರು ಅಂಚೆಯವನಿಗೆ ಬಿಟ್ಟರೆ ಇನ್ನಾರಿಗೂ ನೆನಪಿರಲಿಲ್ಲ.

ಗಂಡ ಸರೋವರದಲ್ಲಿ ಜನರನ್ನು ದಾಟಿಸುವ ದೋಣಿ ನಡೆಸುತ್ತಿದ್ದವನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಅಕ್ಷರಶಃ ನಂಬಿದ ಮನುಷ್ಯ. ದೋಣಿ ಎಷ್ಟು ಗಂಟೆಗೆ ಹೊರಡುತ್ತದೆ ಎಂದು ಕೇಳಿದರೆ ಬೆರಳು ತೋರಿಸುತ್ತಿದ್ದನೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಆ ನೀರಿನ ಅಂಚಿನಲ್ಲೇ ಅವನು ಒಂದು ಕೋಣೆಯ ಮರದ ಮನೆ ಕಟ್ಟಿದ್ದ. ಚಳಿಗಾಲದಲ್ಲಿ ಅದಕ್ಕೆ ಬೀಗ. ಹಿಮ ಕರಗಿದ ಕೂಡಲೇ ಇಬ್ಬರೂ ಪಟ್ಟಣದಿಂದ ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೆ ಹಾಜರು. ನಿವೃತ್ತನಾದ ಮೇಲೆ ಗಂಡ ವರ್ಷವೆಲ್ಲ ಕಾಯುತ್ತಿದ್ದುದು ಆ ಕೆಲವು ತಿಂಗಳಿಗಾಗಿಯೇ.

ಹೀಗಿರುವಾಗ ಒಂದು ಚಳಿಗಾಲ ಅವನಿಗೆ ನ್ಯುಮೋನಿಯಾ ಆಯಿತು. ಬದುಕಿ ಬಂದ, ಆದರೆ ಎದೆ ಮೊದಲಿನಂತಾಗಲಿಲ್ಲ. ಆಸ್ಪತ್ರೆಯಿಂದ ಬಂದ ದಿನವೇ ಹೊಲಿಗೆಯಕ್ಕ ಗಾಳಿಯ ಮೇಲೆ ಯುದ್ಧ ಸಾರಿದಳು. ಹಿಮ ಕರಗಿದ ಮೇಲೆ ಮರದ ಮನೆಯ ನಾಲ್ಕೂ ಗೋಡೆಗೆ ಹತ್ತಿಯ ರಜಾಯಿ ಒತ್ತಿ ಮೊಳೆ ಹೊಡೆದಳು, ಬಿರುಕುಗಳಿಗೆ ಚಿಂದಿ ತುರುಕಿದಳು. ಸೂರಿನ ಕೆಳಗೆ, ನೆಲದ ಹಲಗೆಯ ಕೆಳಗೆ ಅಂಗೈಯಗಲದ ಕೆಲವು ಕಿಂಡಿಗಳಿದ್ದವು. ಒಂದೊಂದರ ಅಳತೆ ತೆಗೆದು, ಒಂದೊಂದಕ್ಕೂ ಪುಟ್ಟ ದಿಂಬು ಹೊಲಿದಳು. ಅಂಚಿಗೆ ಕೆಂಪು ದಾರದ ಕಸೂತಿ ಬೇರೆ! ಗಂಡ ದಿಂಬನ್ನು ತಿರುಗಿಸಿ ನೋಡಿದ, ತಲೆದೂಗಿದ. ಮೆಚ್ಚಿದರು ಎಂದು ಅವಳಿಗೆ ಹಿಗ್ಗೋ ಹಿಗ್ಗು.

ಮರುವರ್ಷ ಬಾಗಿಲು ತೆರೆದರೆ ಮುಗ್ಗಲು ವಾಸನೆ ಮೂಗಿಗೆ ರಾಚಿತು. ಮಂಚದ ಹಿಂದಿನ ಗೋಡೆಯಲ್ಲಿ ಕಪ್ಪು ಬೂಷ್ಟು. ಗಂಡ ಕೆಮ್ಮಿದ. ಚಳಿ ಒಳಗೆ ನುಗ್ಗಿದೆ ಎಂದುಕೊಂಡು ಇನ್ನಷ್ಟು ಚಿಂದಿ ತುರುಕಿದಳು. ಅದರ ಮುಂದಿನ ವರ್ಷ ಬೂಷ್ಟು ಚಾವಣಿಗೂ ಹತ್ತಿತು, ಗಂಡನ ಎದೆ ಮಲಗಿದಾಗಲೆಲ್ಲ ಸಿಳ್ಳೆ ಹೊಡೆಯತೊಡಗಿತು.

"ಇದೊಂದು ಬೇಸಿಗೆ ನೋಡೋಣ," ಎಂದರು ಡಾಕ್ಟರು. "ಇದೇ ಥರ ಇದ್ರೆ ಆ ಮನೆ ಸಹವಾಸ ಬಿಟ್ಟುಬಿಡಿ."

"ಅಮ್ಮ, ಅಪ್ಪ ಮುಖ್ಯಾನೋ ಮನೆ ಮುಖ್ಯಾನೋ?" ಎಂದಳು ಮಗಳು. ಗಂಡ ಕಿಟಕಿಯಾಚೆ ನೀರನ್ನು ನೋಡುತ್ತ ಕುಳಿತ.

ಗೋಡೆ ಉಜ್ಜಲು ನಾದಿನಿ ಬಂದಳು. ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವಳು, ಬಾಯಿ ಜೋರು. ಅಣ್ಣನ ಪಾಲಿನ ಮಾತನ್ನೂ ತಾನೇ ಪಡೆದು ಹುಟ್ಟಿದವಳು. ಕೆಟಲಿನಲ್ಲಿ ನೀರು ಕುದಿಯುತ್ತಿತ್ತು. ಒರೆಸಿದ ಗೋಡೆ ಕಣ್ಣೆದುರಿಗೇ ಮತ್ತೆ ಬೆವರಿತು. ನಾದಿನಿ ಸುತ್ತ ಕಣ್ಣಾಡಿಸಿ, ಸ್ಟೂಲು ಹತ್ತಿ, ಸೂರಿನ ಕೆಳಗಿಂದ ಒಂದು ದಿಂಬು ಎಳೆದಳು. ಹಿಂಡಿದರೆ ನೀರು ಸುರಿಯಿತು.

"ಅತ್ತಿಗೆ, ಬಿಸಿ ಬ್ರೆಡ್ಡನ್ನ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದ್ರೆ ಏನಾಗುತ್ತೆ? ನೀವು ಅಣ್ಣನ್ನೇ ಡಬ್ಬಿಗೆ ಹಾಕಿದ್ದೀರಲ್ರೀ! ಈ ಕಿಂಡಿ ಇವನೇ ಬೇಕಂತ ಬಿಟ್ಟಿದ್ದು. ಉಸಿರು, ಅಡುಗೆ ಹಬೆ, ನೆಲದ ತೇವ ಎಲ್ಲಾ ಹೊರಗೆ ಹೋಗೋ ದಾರಿ ಇದೇ."

ಹೊಲಿಗೆಯಕ್ಕ ಗಂಡನ ಕಡೆ ತಿರುಗಿದಳು. "ಗೊತ್ತಿತ್ತಾ ನಿಮಗೆ?"

ಅವನು ನೆಲ ನೋಡಿದ. "ನೀನು ಅಷ್ಟು ಆಸೆಪಟ್ಟು ಹೊಲಿದಿದ್ದೆ. ಹೇಗೆ ಹೇಳೋದು?"

ಅವಳಿಗೆ ರೇಗಿತು, ಅದರ ಬೆನ್ನಿಗೇ ಅಳುವೂ ಬಂತು. ತನ್ನ ಮನಸ್ಸು ನೋಯಬಾರದೆಂದು ಈ ಮನುಷ್ಯ ಎರಡು ಬೇಸಿಗೆ ಬೂಷ್ಟಿನ ಗಾಳಿ ಕುಡಿದಿದ್ದ! ಅತಿಯಾದರೆ ಅಮೃತವೂ ವಿಷ ಎನ್ನುವುದು ಇಬ್ಬರ ಪ್ರೀತಿಗೂ ಸರಿಯಾಗಿ ಅನ್ವಯಿಸಿತ್ತು.

ಆ ಬೇಸಿಗೆಯೆಲ್ಲ ಕೆಲಸವೋ ಕೆಲಸ. ಕಿಂಡಿಗಳು ತೆರೆದುಕೊಂಡವು, ಇಲಿ ನುಗ್ಗದಂತೆ ತಂತಿಬಲೆ ಬಂತು. ಬೂಷ್ಟು ಹಿಡಿದ ರಜಾಯಿಗಳು ಬೆಂಕಿಗೆ ಹೋದವು. ಬಿಸಿ ಮೇಲಕ್ಕೇ ಓಡುವುದರಿಂದ ಚಾವಣಿಯ ಮೇಲೆ ಕುರಿಯುಣ್ಣೆ ದಪ್ಪಗೆ ಹಾಸಿ, ಸೂರಿನ ಕಿಂಡಿಗೆ ಅಡ್ಡ ಬಾರದಂತೆ ಅಂಚು ಬಿಟ್ಟರು. ನೆಲದ ಹಲಗೆಯ ಕೆಳಗೆ ಮಣ್ಣಿನ ಮೇಲೆ ಟಾರ್ಪಾಲು ಹರಡಿದರು. ಮಂಚ ಗೋಡೆಯಿಂದ ಒಂದು ಗೇಣು ಈಚೆ ಬಂತು. ಒಲೆ ಹೊತ್ತಿದರೆ ಕಿಟಕಿ ತೆರೆಯುವುದು ಕಡ್ಡಾಯವಾಯಿತು. ಬೀಗ ಹಾಕುವ ದಿನ ಹಾಸಿಗೆಯನ್ನು ನಿಲ್ಲಿಸಿ, ಬೀರುವಿನ ಬಾಗಿಲು ತೆರೆದಿಟ್ಟರು. ತೂತುಗಳನ್ನು ಹಾಗೇ ಬಿಟ್ಟು ಹೊರಡುವಾಗ ಅವಳ ಕೈ ತುರಿಸಿದ್ದು ಸುಳ್ಳಲ್ಲ.

ಚಳಿಗಾಲವೆಲ್ಲ ಅವಳಿಗೆ ಹೊಲಿಗೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಹಿಮ ಕರಗಿತು. ಜೀವ ಕೈಯಲ್ಲಿ ಹಿಡಿದು ಬಾಗಿಲು ತೆರೆದಳು. ಒಣ ಮರದ ವಾಸನೆ. ಗೋಡೆಗೆ ಅಂಗೈ ಒತ್ತಿದಳು, ಒಣಗಿತ್ತು. ಮಧ್ಯಾಹ್ನ ಗಂಡ ಮಲಗಿದಾಗ ತಲೆದಿಂಬಿನ ಪಕ್ಕ ಕಿವಿಯಿಟ್ಟು ಕುಳಿತಳು. ಸಿಳ್ಳೆಯಿಲ್ಲ, ಕೆಮ್ಮಿಲ್ಲ. ಬಾಯಿಬಡುಕಿ ನಾದಿನಿಯನ್ನು ನೆನೆದು ಮನಸ್ಸಿನಲ್ಲೇ ಕೈಮುಗಿದಳು; ಇಷ್ಟು ವರ್ಷ ಅದೇ ಬಾಯಿಯನ್ನು ಬೈದುಕೊಂಡದ್ದಕ್ಕೆ ನಾಚಿಕೆಯೂ ಆಯಿತು.

ಗಂಡ ಎದ್ದು, ಅವಳು ಕೊಟ್ಟ ಕಾಫಿಯನ್ನು ಒಂದು ಗುಟುಕು ಕುಡಿದು, ಲೋಟವನ್ನೇ ದಿಟ್ಟಿಸಿದ.

"ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬಾರದು."

"ಹೇಳಿ."

"ನಿನ್ನ ಕಾಫಿ ಬರೀ ನೀರು ಕಣೇ. ಮದುವೆ ಆದಾಗಿಂದ."

ಹೊಲಿಗೆಯಕ್ಕ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು ಅವನ ಪಕ್ಕದಲ್ಲೇ ಕುಳಿತಳು.

"ಹೇಳ್ರೀ," ಎಂದಳು. "ಇನ್ನೂ ಏನೇನು ನುಂಗಿಕೊಂಡಿದ್ದೀರೋ ಎಲ್ಲಾ ಹೇಳಿ. ಹೇಳೋಕೆ ಉಸಿರಿದೆಯಲ್ಲ ನಿಮಗೆ, ನನಗೆ ಅಷ್ಟು ಸಾಕು."